ಹಳೆಯ ಕಾರಿನ ಗಾಳಿಕಂಡಿಗಳು: ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಮೈಸೂರಿನ ಸರಸ್ವತೀಪುರಂನಲ್ಲಿರುವ ನಮ್ಮ ಮನೆಯ ಮುಂದೆ ಒಂದು ಗುಲ್‌ಮೊಹರ್ ಮರವಿದೆ. ಅದರ ನೆರಳಿನಲ್ಲಿ ನಿಲ್ಲುವ 1971ರ ಫೋಕ್ಸ್‌ವ್ಯಾಗನ್ ಬೀಟಲ್‌ನ ಗಾಳಿಕಂಡಿಗಳನ್ನು ಕಾರ್ಖಾನೆಯಿಂದ ಹೊರಬಂದಾಗಿನ ಸ್ಥಿತಿಗೆ ತರಲು ನನಗೆ ಎರಡು ಮಳೆಗಾಲ ಹಿಡಿದವು. ಅದರಲ್ಲಿ ಮೊದಲ ಮಳೆಗಾಲ ಪೂರ್ತಿ ವ್ಯರ್ಥವಾಯಿತು. ಕಾಲಡಿಗೆ ನೀರು ಬರುತ್ತಿದೆ ಎಂದು ಕಾರನ್ನು ಒಂದು ಗ್ಯಾರೇಜಿಗೆ ಬಿಟ್ಟಾಗ, ಅಲ್ಲಿ ಕಣ್ಣಿಗೆ ಕಂಡ ಪ್ರತಿಯೊಂದು ತೂತಿಗೂ ಸಿಲಿಕೋನ್ ತುಂಬಿ ಕಳುಹಿಸಿದ್ದರು. ಮುಚ್ಚಿದ ತೂತುಗಳಲ್ಲಿ ನೀರು ಹೊರಹೋಗಲೆಂದೇ ಇಟ್ಟವೂ ಇದ್ದುದರಿಂದ, ಕಾರ್ಪೆಟ್ಟಿನ ಮೇಲೆ ನಿಲ್ಲುತ್ತಿದ್ದ ನೀರು ಡ್ಯಾಶ್‌ಬೋರ್ಡಿನ ಹಿಂದಿನ ವೈರಿಂಗ್‌ವರೆಗೂ ಏರಿತು. ಆಮೇಲೆ ಬನ್ನಿಮಂಟಪದ ಕಡೆಯ ಹಿರಿಯ ಟಿಂಕರಿಂಗ್ ಮೇಸ್ತ್ರಿಯೊಬ್ಬರು ಆ ಸಿಲಿಕೋನನ್ನು ಒಂದೊಂದಾಗಿ ಕೆರೆದು ತೆಗೆಯುತ್ತಾ, "ಮುಚ್ಚೋದು ಸುಲಭ ಸಾರ್, ಮುಚ್ಚಿದ್ಮೇಲೆ ನೀರು ಎಲ್ಲಿಗೆ ಹೋಗುತ್ತೆ ಹೇಳಿ" ಎಂದು ಕೇಳಿದರು.

ಈ ಬರಹದ ಆಧಾರವೇ ಆ ಪ್ರಶ್ನೆ. ಗಾಳಿ ಒಳಬರುವ ಕಂಡಿಯಲ್ಲಿ ಮಳೆನೀರೂ ಬರುತ್ತದೆ ಎಂಬುದು ಕಾರನ್ನು ರೂಪಿಸಿದವರಿಗೆ ತಿಳಿದಿತ್ತು. ಆದ್ದರಿಂದ ಗಾಳಿಯನ್ನು ಒಳಗೆ ತಿರುಗಿಸಿ ನೀರನ್ನು ನೆಲಕ್ಕೆ ಇಳಿಸುವ ಎರಡನೆಯ ದಾರಿಯನ್ನು ಅವರು ಕಂಡಿಯ ಕೆಳಗೇ ಇಟ್ಟಿದ್ದಾರೆ. ಜಾಲರಿಗೆ ಹೊಳಪು ಕೊಟ್ಟು ಈ ಎರಡನೆಯ ದಾರಿಯನ್ನು ಮರೆತರೆ ಕಾರು ಮೂಲಸ್ಥಿತಿಗೆ ಬಂದಿತೆಂದು ನಾನು ಒಪ್ಪುವುದಿಲ್ಲ. ಕೆಳಗಿನ ವಿವರಗಳಲ್ಲಿ ಹೆಚ್ಚಿನವು ನನ್ನ ಬೀಟಲ್‌ನವು. ಬಾಗಿಲಿನ ತ್ರಿಕೋನ ಗಾಜಿನ ಭಾಗ ಮಾತ್ರ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗಾಗಿ ಬರೆದದ್ದು.

ಕೈ ಹಾಕುವ ಮೊದಲು

ಬೀಟಲ್‌ನ ಮುಂದಿನ ಬಾನೆಟ್ಟಿನ ಕೆಳಗೆ ಪೆಟ್ರೋಲ್ ಟ್ಯಾಂಕ್ ಇದೆ, ವಿಂಡ್‌ಶೀಲ್ಡಿನ ಮುಂದಿನ ಕಂಡಿಯಿಂದ ಗಾಳಿಯೂ ನೀರೂ ಇಳಿಯುವ ಗಾಳಿಪೆಟ್ಟಿಗೆ ಇರುವುದು ಅದರ ಬೆನ್ನಿಗೇ. ಆದ್ದರಿಂದ ಆ ಭಾಗದಲ್ಲಿ ಬೆಂಕಿಕಡ್ಡಿ, ಊದುಬತ್ತಿ, ಗ್ರೈಂಡರ್, ವೆಲ್ಡಿಂಗ್ ಯಾವುದೂ ಸಲ್ಲದು. ಕೆಲಸ ಆರಂಭಿಸುವಾಗ ಬ್ಯಾಟರಿಯಿಂದ ಬಾಡಿಗೆ ಹೋಗುವ ಅರ್ಥ್ ಕೇಬಲನ್ನು ಮೊದಲು ಬಿಚ್ಚಬೇಕು. ಬೀಟಲ್‌ನಲ್ಲಿ ಬ್ಯಾಟರಿ ಹಿಂದಿನ ಸೀಟಿನ ಕೆಳಗಿದ್ದು, ಅದರ ಮುಚ್ಚಳವಿಲ್ಲದಿದ್ದರೆ ಸೀಟಿನ ಸ್ಪ್ರಿಂಗುಗಳು ಟರ್ಮಿನಲ್‌ಗೆ ತಗುಲಿ ಬೆಂಕಿ ಹತ್ತುವ ಅಪಾಯವಿದೆ.

ವರ್ಷಗಟ್ಟಲೆ ನಿಂತಿದ್ದ ಕಾರಿನ ಕಂಡಿಗಳಲ್ಲಿ ಕಣಜದ ಗೂಡುಗಳೂ ಇಲಿಯ ಗೂಡುಗಳೂ ಸಾಮಾನ್ಯ. ಟಾರ್ಚ್ ಬಿಟ್ಟು ನೋಡದೆ ಬೆರಳು ತೂರಿಸಬಾರದು. ಇಲಿಯ ಹಿಕ್ಕೆ ಕಂಡರೆ ಒಣಗಿದಂತೆಯೇ ಗುಡಿಸದೆ, ಸೋಂಕುನಿವಾರಕ ಬೆರೆಸಿದ ನೀರು ಚಿಮುಕಿಸಿ, ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು ತೆಗೆಯಬೇಕು. ಇಲಿಜ್ವರ ಹರಡುವುದು ಇಲಿಯ ಮೂತ್ರದಿಂದ.

ಲಕ್ಷಣ: ಮಳೆಯ ಮರುದಿನ ಕಾಲಡಿಯ ಕಾರ್ಪೆಟ್ ಒದ್ದೆಯಾಗಿರುತ್ತದೆ

ನಮ್ಮಲ್ಲಿ ಈ ದೂರು ಜೂನ್‌ಗಿಂತ ಮೊದಲೇ, ಏಪ್ರಿಲ್–ಮೇ ತಿಂಗಳ ಗುಡುಗುಮಳೆಯಲ್ಲೇ ಶುರುವಾಗುತ್ತದೆ. ಬೇಸಿಗೆಯಿಡೀ ಉದುರಿದ ಎಲೆ ಕಂಡಿಯೊಳಗೆ ಒಣಗಿ ಕೂತಿರುವಾಗ ಅರ್ಧ ಗಂಟೆಯಲ್ಲಿ ಸುರಿಯುವ ಮಳೆ ಅದನ್ನೆಲ್ಲ ತಳಕ್ಕೆ ತಳ್ಳುತ್ತದೆ. ಹೊಂಗೆಯಂತಹ ದೊಡ್ಡ ಎಲೆ ಜಾಲರಿಯ ಮೇಲೆಯೇ ನಿಲ್ಲುವುದರಿಂದ ಅಷ್ಟು ತೊಂದರೆಯಿಲ್ಲ. ಗುಲ್‌ಮೊಹರ್ ಮತ್ತು ಹುಣಸೆಯ ಕಿರುಎಲೆಗಳು ಮಾತ್ರ ಜಾಲರಿಯ ಸೀಳಿನಲ್ಲಿ ಸಲೀಸಾಗಿ ಇಳಿದು, ತಳದಲ್ಲಿ ಕೊಳೆತು, ಗೊಜ್ಜಿನಂತಾಗಿ ನೀರಿನ ಕೊಳವೆಯನ್ನು ಕಟ್ಟಿಬಿಡುತ್ತವೆ. ಮಂಡ್ಯದ ಕಡೆ ಕಾರಿಟ್ಟಿರುವ ಗೆಳೆಯರೊಬ್ಬರ ಅಂಬಾಸಿಡರ್‌ನಲ್ಲಿ ಎಲೆಗಿಂತ ಕಬ್ಬಿನ ತರಗು ಸುಟ್ಟ ಕರಿಯೇ ಹೆಚ್ಚಾಗಿ ಸಿಕ್ಕಿತು.

ಮೊದಲು ಒದ್ದೆ ಏನೆಂದು ನೋಡಬೇಕು. ಬಿಳಿ ಬಟ್ಟೆಯಿಂದ ಒತ್ತಿ ಮೂಸಿದಾಗ ಮಣ್ಣಿನ ಅಥವಾ ಕೊಳೆತ ಎಲೆಯ ವಾಸನೆ ಬಂದರೆ ಅದು ಮಳೆನೀರು. ಜಿಗುಟಾಗಿ, ಬೆರಳಿಗೆ ಜಾರುವಂತಿದ್ದು, ಚಾಲಕನ ಪೆಡಲಿನ ಬಳಿ ಮಾತ್ರ ಇದ್ದರೆ ಬ್ರೇಕ್ ಆಯಿಲ್ ಸೋರುತ್ತಿರಬಹುದು. ಅಂತಹ ಕಾರನ್ನು ಒಂದು ಮಾರೂ ಓಡಿಸದೆ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಬೇಕು. ಪೆಟ್ರೋಲಿನ ವಾಸನೆ ಇದ್ದರೆ ಕೆಳಗಿನ ವಾಸನೆಯ ಭಾಗಕ್ಕೆ ಹೋಗಿರಿ.

ಮಳೆನೀರೆಂದು ಖಚಿತವಾದ ಮೇಲೆ ಖರ್ಚಿಲ್ಲದ ಪರೀಕ್ಷೆ ಒಂದಿದೆ. ಕಾರನ್ನು ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ, ಒಳಗಿನ ಕಾರ್ಪೆಟ್ ತೆಗೆದು, ಬರಿಯ ತಗಡಿನ ಮೇಲೆ ಒಣ ಪತ್ರಿಕೆ ಹಾಸಿ, ಒಬ್ಬರನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಬೇಕು. ಹೊರಗಿನವರು ವಿಂಡ್‌ಶೀಲ್ಡಿನ ಮುಂದಿನ ಜಾಲರಿಯೊಳಗೆ ಒಂದು ಲೀಟರ್ ನೀರನ್ನು ಚೊಂಬಿನಿಂದ ನಿಧಾನವಾಗಿ ಸುರಿಯಬೇಕು. ಸುರಿದ ನೀರು ತಡವಿಲ್ಲದೆ ಕಾರಿನ ಅಡಿಯಿಂದ ನೆಲಕ್ಕೆ ಬಿದ್ದರೆ ಕೊಳವೆ ತೆರೆದಿದೆ ಎಂದರ್ಥ. ತಡವಾಗಿ ಹನಿಹನಿಯಾಗಿ ಬಿದ್ದರೆ ಕೊಳವೆ ಅರ್ಧ ಕಟ್ಟಿದೆ. ಅಡಿಯಲ್ಲಿ ಏನೂ ಬೀಳದೆ ಪತ್ರಿಕೆ ಒದ್ದೆಯಾದರೆ ಕೊಳವೆ ಪೂರ್ತಿ ಕಟ್ಟಿರಬೇಕು, ಇಲ್ಲವೇ ತನ್ನ ಮೂತಿಯಿಂದ ಕಳಚಿ ನೀರನ್ನು ಕಾರಿನೊಳಗೇ ಬಿಡುತ್ತಿರಬೇಕು. ಕಟ್ಟಿದ್ದರೆ ನೀರು ಮೊದಲು ಪೆಟ್ಟಿಗೆಯಲ್ಲಿ ತುಂಬಿ ಆಮೇಲೆ ಉಕ್ಕುವುದರಿಂದ ಪತ್ರಿಕೆ ಒದ್ದೆಯಾಗಲು ಹೊತ್ತು ಹಿಡಿಯುತ್ತದೆ. ಕಳಚಿದ್ದರೆ ಸುರಿದ ಕೂಡಲೇ ಒದ್ದೆಯಾಗುತ್ತದೆ. ಒಳಗೆ ಕೂತವರು ಗಮನಿಸಬೇಕಾದದ್ದು ಈ ಹೊತ್ತಿನ ವ್ಯತ್ಯಾಸವನ್ನೇ.

ಕಟ್ಟಿದ ಕೊಳವೆಯನ್ನು ಬಿಡಿಸಲು ಕಬ್ಬಿಣದ ತಂತಿ ತೂರಿಸಬಾರದು, ಐವತ್ತು ವರ್ಷ ಹಳೆಯ ರಬ್ಬರ್ ತೂತಾಗುತ್ತದೆ. ಕಂಪ್ರೆಸರ್‌ನ ಗಾಳಿಯನ್ನು ಮೇಲಿನಿಂದ ಒಮ್ಮೆಲೇ ಬಿಟ್ಟರೆ ಕೊಳವೆ ಕಾಣದ ಜಾಗದಲ್ಲಿ ಕಳಚಿಕೊಳ್ಳಬಹುದು. ಮೇಲಿನ ಕಸವನ್ನು ಕೈಯಿಂದ ತೆಗೆದು, ಕೆಳಗಿನ ತುದಿಯಿಂದ ಹಸಿ ತೆಂಗಿನಗರಿಯ ಕಡ್ಡಿಯನ್ನೋ ಹಳೆಯ ಸ್ಪೀಡೋಮೀಟರ್ ಕೇಬಲ್‌ನ ಒಳತಂತಿಯನ್ನೋ ಮೆಲ್ಲಗೆ ತಿರುಗಿಸುತ್ತ ಏರಿಸಿ, ನಡುನಡುವೆ ಬಿಸಿನೀರು ಬಿಡುವುದು ಉತ್ತಮ. ಗಟ್ಟಿಯಾಗಿ ಬಿರುಕು ಬಿಟ್ಟ ಕೊಳವೆಯನ್ನು ಬದಲಿಸಲೇಬೇಕು, ಆದರೆ ಮೂಲದಷ್ಟೇ ಒಳವ್ಯಾಸದ ಕೊಳವೆ ಹಾಕಬೇಕು. ಅಂಗಡಿಯಲ್ಲಿ ಸಿಕ್ಕ ಸಣ್ಣ ಕೊಳವೆಯನ್ನು ಎಳೆದು ಕೂರಿಸಿದರೆ ಮುಂದಿನ ಗುಲ್‌ಮೊಹರ್ ಎಲೆಗೇ ಮತ್ತೆ ಕಟ್ಟಿಕೊಳ್ಳುತ್ತದೆ.

ಕೊಳವೆ ಸರಿಯಿದ್ದೂ ಒದ್ದೆಯಾಗುತ್ತಿದ್ದರೆ ನೀರನ್ನು ಕೆಳಗಿನಿಂದ ಮೇಲಕ್ಕೆ ಹಂತಹಂತವಾಗಿ ಹಾಯಿಸುತ್ತ ಬರಬೇಕು: ಮೊದಲು ಬಾಗಿಲಿನ ಕೆಳಗಿನ ಅಂಚು, ಆಮೇಲೆ ಬಾಗಿಲಿನ ರಬ್ಬರ್ ಬೀಡಿಂಗ್, ಕಡೆಗೆ ವಿಂಡ್‌ಶೀಲ್ಡಿನ ರಬ್ಬರ್. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲ ಕಡೆಗೂ ಹರಿದು ಯಾವುದು ಮೂಲವೆಂದು ತಿಳಿಯುವುದಿಲ್ಲ. ಅನುಮಾನವಿರುವ ಕಡೆ ಸೀಮೆಸುಣ್ಣದ ಪುಡಿ ಉದುರಿಸಿಟ್ಟರೆ ನೀರು ತಾನು ಬಂದ ದಾರಿಯನ್ನು ಅದರ ಮೇಲೆ ಗೆರೆಯಾಗಿ ತೋರಿಸುತ್ತದೆ. ಹಿಂದಿನ ಸೀಟಿನ ಹಿಂಬದಿ ಮಾತ್ರ ಒದ್ದೆಯಾದರೆ ಹಿಂದಿನ ಪಕ್ಕದ ಗಾಜುಗಳ ಹಿಂದೆ ಇರುವ ಅರ್ಧಚಂದ್ರಾಕಾರದ ಕಂಡಿಗಳ ಒಳರಬ್ಬರ್ ಒಣಗಿರಬಹುದು.

ಲಕ್ಷಣ: ಡ್ಯಾಶ್‌ಬೋರ್ಡಿನ ಗಾಳಿಯ ಗುಬುಟು ತಿರುಗಿಸಿದರೂ ಗಾಳಿ ಬರುವುದಿಲ್ಲ

ಇಲ್ಲಿ ಹೆಚ್ಚಿನವರು ಗಾಳಿ ಒಳಬರುವ ಕಂಡಿಯನ್ನಷ್ಟೇ ಬಿಚ್ಚಿ ನೋಡುತ್ತಾರೆ. ಕಾರು ಓಡುವಾಗ ವಿಂಡ್‌ಶೀಲ್ಡಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚಿರುತ್ತದೆ, ಹಿಂದಿನ ಪಕ್ಕದ ಗಾಜಿನ ಹಿಂದೆ ಚಾವಣಿಯನ್ನು ಹೊರುವ ಕಂಬದ ಸುತ್ತ ಕಡಿಮೆಯಿರುತ್ತದೆ. ಒಳಬಂದ ಗಾಳಿ ಹೊರಗೆ ಹೋಗುವುದು ಈ ವ್ಯತ್ಯಾಸದಿಂದ. ಹೊರದಾರಿ ಮುಚ್ಚಿದ್ದರೆ ಒಳದಾರಿ ಎಷ್ಟು ತೆರೆದಿದ್ದರೂ ಗಾಳಿ ಹರಿಯುವುದಿಲ್ಲ. ಹಾಗಾಗಿ ಮೊದಲ ಪರೀಕ್ಷೆಗೆ ಸ್ಕ್ರೂಡ್ರೈವರ್ ಬೇಕಿಲ್ಲ. ಓಡುತ್ತಿರುವ ಕಾರಿನಲ್ಲಿ ಪಕ್ಕದಲ್ಲಿ ಕೂತವರು ಒಂದು ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಲಿ. ಆಗ ಡ್ಯಾಶ್‌ಬೋರ್ಡಿನಿಂದ ಗಾಳಿ ಬರತೊಡಗಿದರೆ ದೋಷವಿರುವುದು ಹಿಂದಿನ ಹೊರದಾರಿಯಲ್ಲಿ. ಎಲ್ಲ ಗಾಜು ಏರಿಸಿ ಬಾಗಿಲು ಹಾಕುವಾಗ ಬಾಗಿಲು ಪುಟಿದಂತಾಗಿ, ಕಿವಿಗೆ ಒತ್ತಿದಂತಾದರೆ ಅದೂ ಇದೇ ದೋಷದ ಸೂಚನೆ. ಹೊಸದಾಗಿ ಒಳಹೊದಿಕೆ ಹಾಕಿಸಿದ ಕಾರುಗಳಲ್ಲಿ ರೆಕ್ಸಿನ್ ಅಥವಾ ಫೋಮ್ ಆ ಕಂಡಿಯ ಒಳಬಾಯಿಯ ಮೇಲೆ ಹಾದುಹೋಗಿರುವುದನ್ನು ಎರಡು ಬಾರಿ ಕಂಡಿದ್ದೇನೆ.

ಕಿಟಕಿ ಇಳಿಸಿದರೂ ಗಾಳಿ ಬಾರದಿದ್ದರೆ ಮುಂದಿನ ಪೆಟ್ಟಿಗೆಯನ್ನು ನೋಡಬೇಕು. ಗುಬುಟು ಹಗುರವಾಗಿ ತಿರುಗುತ್ತಿದ್ದರೆ ಕೇಬಲ್ ತನ್ನ ಕ್ಲಿಪ್ಪಿನಿಂದ ಕಳಚಿದೆ. ತಿರುಗದೆ ಬಿಗಿಹಿಡಿದಿದ್ದರೆ ಕೇಬಲ್ ಕವಚದೊಳಗೆ ತುಕ್ಕು ಹಿಡಿದಿದೆ. ಬಿಗಿಯಾದದ್ದನ್ನು ಬಲದಿಂದ ತಿರುಗಿಸಿದರೆ ಮೊದಲು ಮುರಿಯುವುದು ಗುಬುಟು, ಮೂಲದ ಗುಬುಟನ್ನು ಹುಡುಕುವುದು ಕೇಬಲ್ ಹುಡುಕುವುದಕ್ಕಿಂತ ಬಹಳ ಕಷ್ಟ. ಎರಡು ದಿನ ತೆಳು ಎಣ್ಣೆ ಇಳಿಬಿಟ್ಟು ಕಾಯಿರಿ. ಗಾಳಿಯ ಜೊತೆ ಕಪ್ಪು ಪುಡಿ ಮುಖಕ್ಕೆ ಹಾರುತ್ತಿದ್ದರೆ ಪೆಟ್ಟಿಗೆಯೊಳಗೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಬಾಗಿಲುಪಟ್ಟಿಯ ಫೋಮ್ ಪುಡಿಯಾಗಿದೆ ಎಂದರ್ಥ. ಅಷ್ಟೇ ದಪ್ಪದ, ನೀರು ಹೀರದ ಫೋಮ್ ಅಂಟಿಸಿ, ಪಟ್ಟಿ ಮುಚ್ಚಿದಾಗ ನಡುವೆ ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿರಿ. ಸುತ್ತಲೂ ಒಂದೇ ಬಿಗಿಯಲ್ಲಿ ಹಿಡಿದರೆ ಸರಿಯಾಗಿ ಕೂತಿದೆ.

ಲಕ್ಷಣ: ತ್ರಿಕೋನ ಗಾಜು ತಾನಾಗಿ ಮುಚ್ಚಿಕೊಳ್ಳುತ್ತದೆ ಅಥವಾ ಶಿಳ್ಳೆ ಹಾಕುತ್ತದೆ

ಅಂಬಾಸಿಡರ್ ಮತ್ತು ಪದ್ಮಿನಿಯ ಮುಂದಿನ ಬಾಗಿಲಿನ ಈ ಸಣ್ಣ ಗಾಜು ಎ.ಸಿ. ಇಲ್ಲದ ಕಾಲದಲ್ಲಿ ಮುಖಕ್ಕೆ ಗಾಳಿ ತಿರುಗಿಸಿ ಕೊಡುತ್ತಿತ್ತು. ಗಾಜು ವೇಗದಲ್ಲಿ ತಾನಾಗಿ ಮುಚ್ಚಿಕೊಂಡರೆ ಕೆಳಗಿನ ತಿರುಗುಗೂಟದ ನಟ್ಟು ಮತ್ತು ಸ್ಪ್ರಿಂಗ್ ಸಡಿಲವಾಗಿವೆ ಎಂದರ್ಥ; ಬಾಗಿಲಿನ ಒಳಹೊದಿಕೆ ತೆಗೆದು ಕಾಲು ಸುತ್ತು ಬಿಗಿಮಾಡಿ ಮತ್ತೆ ನೋಡಿದರೆ ಸಾಕಾಗುತ್ತದೆ. ಶಿಳ್ಳೆಯ ಮೂಲ ಹುಡುಕಲು ಗಾಜಿನ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಶಬ್ದ ಕೇಳಿಸುವ ವೇಗದಲ್ಲಿ ಹೋಗಿ, ಕಾರು ನಿಲ್ಲಿಸಿ ಒಂದೊಂದು ಬದಿಯ ಟೇಪ್ ತೆಗೆಯುತ್ತ ಬರಬೇಕು. ಯಾವ ಟೇಪ್ ತೆಗೆದಾಗ ಶಿಳ್ಳೆ ಮರಳಿತೋ ಅಲ್ಲಿ ರಬ್ಬರ್ ಸೋತಿದೆ. ಬೆಂಗಳೂರು ಹೆದ್ದಾರಿಯ ವೇಗದಲ್ಲಿ ಈ ಪ್ರಯೋಗ ಬೇಡ.

ರಬ್ಬರ್ ಬದಲಿಸುವಾಗ ಮೀಟರ್ ಲೆಕ್ಕದಲ್ಲಿ ಸಿಗುವ ದಪ್ಪ ಬೀಡಿಂಗ್ ತುರುಕುವುದು ಸಾಮಾನ್ಯವಾದ ತಪ್ಪು. ಗಾಜು ಮುಚ್ಚಲು ಬಲ ಹಾಕಬೇಕಾಗಿ, ಆ ಬಲವೆಲ್ಲ ಕೊಂಡಿಯ ಮೇಲೆ ಬೀಳುತ್ತದೆ. ಅನೇಕ ಹಳೆಯ ಕಾರುಗಳಲ್ಲಿ ಈ ಕೊಂಡಿ ಸತುವಿನ ಮಿಶ್ರಲೋಹದ ಅಚ್ಚಿನದು. ಮೆಕ್ಯಾನಿಕ್‌ಗಳು ಮಜಾಕ್ ಎನ್ನುವುದು ಇದನ್ನೇ. ಅದು ಬಾಗುವುದಿಲ್ಲ, ಮುರಿಯುತ್ತದೆ. ಸುಮಾರು 385 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ ಸಿಕ್ಕಿಕೊಂಡ ಕೊಂಡಿಗೆ ಗ್ಯಾಸ್ ಟಾರ್ಚ್ ಹಿಡಿಯಲೇಬಾರದು. ಮೇಲಿನ ಕ್ರೋಮ್ ಗುಳ್ಳೆಯೆದ್ದಿದ್ದರೆ ಮನೆಯಲ್ಲಿ ಆಸಿಡ್ ಬಳಸಿ ತೆಗೆಯುವ ಪ್ರಯತ್ನವೂ ಬೇಡ, ಕ್ರೋಮ್‌ಗಿಂತ ಮೊದಲು ಸತುವೇ ಕರಗಿಹೋಗುತ್ತದೆ. ಸತುವಿನ ಮೇಲೆ ತಾಮ್ರ, ನಿಕಲ್, ಆಮೇಲೆ ಕ್ರೋಮ್ ಎಂಬ ಕ್ರಮದಲ್ಲಿ ಮಾಡಿದ ಅನುಭವವಿರುವ ಪ್ಲೇಟಿಂಗ್ ಕೆಲಸಗಾರರಿಗೆ ಮಾತ್ರ ಅದನ್ನು ಕೊಡಬೇಕು. ಕೊಂಡಿ ಬಿಟ್ಟುಹೋಗಿದ್ದರೆ ಗಾಜಿಗೆ ಹೊಸ ತೂತು ಕೊರೆಯಲು ಹೋಗದಿರಿ. ಟಫನ್ ಮಾಡಿದ ಗಾಜು ಕೊರೆದೊಡನೆ ಚೂರಾಗುತ್ತದೆ.

ಲಕ್ಷಣ: ಮಳೆಯಲ್ಲಿ ಎಂಜಿನ್ ತಡವರಿಸುತ್ತದೆ

ಹಿಂಬದಿ ಎಂಜಿನ್ ಇರುವ ಬೀಟಲ್‌ನಲ್ಲಿ ಮುಚ್ಚಳದ ಸೀಳುಗಳಿಂದ ಇಳಿದ ನೀರು ಇಗ್ನಿಷನ್ ಭಾಗಗಳ ಮೇಲೆ ಬೀಳಬಹುದು. ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪಿನ ಬಿರುಕು ಮತ್ತು ಪ್ಲಗ್ ವೈರುಗಳ ರಬ್ಬರ್ ಟೋಪಿಗಳನ್ನು ನೋಡಿ, ಆಮೇಲೆ ಸೀಳುಗಳ ಕೆಳಗೆ ನೀರಿನ ತಟ್ಟೆ ಇರಬೇಕಾದ ಮಾದರಿಯಾದರೆ ಅದು ಇದೆಯೇ ಎಂದು ನೋಡಿರಿ. ಬಣ್ಣ ಹೊಡೆಯುವಾಗ ಬಿಚ್ಚಿ ಮರಳಿ ಹಾಕದಿರುವುದುಂಟು. ಏನೇ ಆದರೂ ಸೀಳುಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಓಡಿಸಬಾರದು. ಈ ಎಂಜಿನ್ ತಣ್ಣಗಾಗುವುದು ಗಾಳಿಯಿಂದಲೇ, ರೇಡಿಯೇಟರ್ ಇಲ್ಲ.

ಲಕ್ಷಣ: ಸೀಳುಗಳ ತುದಿಯಲ್ಲಿ ಬಣ್ಣ ಉಬ್ಬಿದೆ

ತಗಡನ್ನು ಒತ್ತಿ ಸೀಳು ಮಾಡುವಾಗ ಅದರ ಎರಡು ತುದಿಗಳಲ್ಲಿ ತಗಡು ಹಿಗ್ಗಿ ತೆಳುವಾಗುತ್ತದೆ, ನೀರು ನಿಲ್ಲುವುದೂ ಅಲ್ಲಿಯೇ. ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತವನ್ನು ಮೇಲೆ ಸರಿಸಿ ನೋಡಿರಿ. ಎಲ್ಲ ಕಡೆ ಒಂದೇ ಬಿಗಿಯಲ್ಲಿ ಹಿಡಿದರೆ ಕೆಳಗೆ ಉಕ್ಕು ಉಳಿದಿದೆ, ಒಂದೆಡೆ ಜಾರಿದರೆ ಅಲ್ಲಿ ಪುಟ್ಟಿ ತುಂಬಿದ್ದಾರೆ. ಆಮೇಲೆ ಒಳಬದಿಯಿಂದ ಸ್ಕ್ರೂಡ್ರೈವರ್ ತುದಿಯಿಂದ ಮೆತ್ತಗೆ ಒತ್ತಬೇಕು. ಒತ್ತಿದಾಗ ಗಟ್ಟಿಯಾಗಿದ್ದರೆ ಮೇಲ್ಮೈ ತುಕ್ಕು, ಅದನ್ನು ನೀವೇ ತೆಗೆಯಬಹುದು. ಪುಡಿಪುಡಿಯಾಗಿ ಮುರಿದರೆ ಟಿಂಕರಿಂಗ್ ಮೇಸ್ತ್ರಿಯ ಕೆಲಸ.

ಸೀಳುಗಳು ಕಿರಿದಾಗಿ ಕಾಣಲು ತುಕ್ಕೇ ಕಾರಣವಾಗಬೇಕಿಲ್ಲ. ನಾಲ್ಕು ಬಾರಿ ಬಣ್ಣ ಕಂಡ ಕಾರಿನಲ್ಲಿ ಬಣ್ಣದ ಪದರವೇ ಬಾಯಿಯನ್ನು ಕಿರಿದು ಮಾಡುತ್ತದೆ. ಡ್ರಿಲ್ ಬಿಟ್ಟುಗಳ ಹಿಂಬದಿಯ ನಯವಾದ ಕಾಂಡವನ್ನು ಅಳತೆಗೋಲಾಗಿ ಬಳಸಿ ಪ್ರತಿ ಸೀಳಿನ ಬಾಯಿಯನ್ನು ಅಳೆದು ಬರೆದಿಟ್ಟುಕೊಂಡರೆ ಯಾವುದು ತುಂಬಿದೆ, ಯಾವುದು ಜಜ್ಜಿಹೋಗಿದೆ ಎಂಬುದು ಗೊತ್ತಾಗುತ್ತದೆ. ಆ ಬಣ್ಣವನ್ನು ಗ್ರೈಂಡರ್‌ನಿಂದ ತೆಗೆದರೆ ಸೀಳಿನ ಅಂಚು ಸವೆದು ಆಕಾರ ಕೆಡುತ್ತದೆ. ಸ್ಯಾಂಡ್‌ಬ್ಲಾಸ್ಟಿಂಗ್ ಜೋರಾದರೆ ತೆಳು ತಗಡು ಅಲೆಅಲೆಯಾಗುತ್ತದೆ. ನಿಧಾನವಾದರೂ ಪೇಂಟ್ ರಿಮೂವರ್ ಹಚ್ಚಿ ಮರದ ಚೂಪುಕಡ್ಡಿಯಿಂದ ಕೆರೆಯುವುದೇ ನನ್ನ ಆಯ್ಕೆ. ಇದನ್ನು ಬಯಲಿನಲ್ಲಿ ಮಾಡಬೇಕು, ಅದರ ಆವಿ ಮುಚ್ಚಿದ ಗ್ಯಾರೇಜಿನಲ್ಲಿ ಅಪಾಯಕಾರಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಎಮೆರಿ ಕಾಗದವನ್ನು ನೀರಿನಲ್ಲಿ ಅದ್ದಿಯೇ ಉಜ್ಜಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು.

ತೂತು ಬಿದ್ದ ತಗಡಿಗೆ ಫೈಬರ್ ಹಾಳೆ ಅಂಟಿಸಿ ಪುಟ್ಟಿ ಎಳೆಯುವ ಕೆಲಸ ಎರಡು ಮಳೆಗಾಲವೂ ಬಾಳುವುದಿಲ್ಲ, ಏಕೆಂದರೆ ಕೆಳಗಿನ ತುಕ್ಕು ಹಾಗೆಯೇ ಮುಂದುವರಿಯುತ್ತದೆ. ಸರಿಯಾದ ವಿಧಾನವೆಂದರೆ ಹಾಳಾದ ಭಾಗ ಕತ್ತರಿಸಿ, ಮೂಲದಷ್ಟೇ ದಪ್ಪದ ತಗಡಿನಿಂದ ಅದೇ ಆಕಾರದ ತುಂಡು ಮಾಡಿ, ಚುಕ್ಕೆಚುಕ್ಕೆಯಾಗಿ ವೆಲ್ಡ್ ಹಾಕಿ, ನಡುನಡುವೆ ತಣಿಯಲು ಬಿಡುವುದು. ಬೀಟಲ್‌ನ ಮುಂಭಾಗದಲ್ಲಾದರೆ ಪೆಟ್ರೋಲ್ ಟ್ಯಾಂಕನ್ನು ಬರಿದು ಮಾಡಿದರೆ ಸಾಲದು, ಬಿಚ್ಚಿ ದೂರ ಇಡಬೇಕು. ಬರಿದಾದ ಟ್ಯಾಂಕಿನ ಆವಿಯೇ ಪೆಟ್ರೋಲಿಗಿಂತ ಬೇಗ ಸಿಡಿಯುತ್ತದೆ. ಇದಕ್ಕೆ ಒಪ್ಪದ ವೆಲ್ಡರ್‌ಗೆ ಕಾರು ಕೊಡಬೇಡಿ. ಕಡೆಯ ಬಣ್ಣ ಪಿ.ಯು. (ಪಾಲಿಯುರೆಥೇನ್) ಆಗಿದ್ದರೆ ಅದರ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಡುಕು, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಆ ಕೆಲಸವನ್ನು ಪೇಂಟ್ ಬೂತ್ ಇರುವವರಿಗೆ ಬಿಡಿ.

ಲಕ್ಷಣ: ಗಾಳಿಯ ಜೊತೆ ವಾಸನೆ ಬರುತ್ತದೆ

ಮುಗ್ಗಲು ವಾಸನೆ ಬಂದರೆ ಒದ್ದೆಯ ಭಾಗಕ್ಕೆ ಮರಳಿರಿ. ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ನಿಲ್ಲಿಸಿ, ಕಾರಿನಿಂದ ಇಳಿದು, ಯಾವ ಸ್ವಿಚ್ಚನ್ನೂ ಮುಟ್ಟದೆ, ಟ್ಯಾಂಕಿನ ಕೊಳವೆಗಳನ್ನು ಮೆಕ್ಯಾನಿಕ್ ಬದಲಿಸುವವರೆಗೆ ಓಡಿಸಬೇಡಿ. ಸೈಲೆನ್ಸರ್ ಹೊಗೆಯ ವಾಸನೆ ಬಂದು ತಲೆ ಭಾರವಾದರೆ ಕೂಡಲೇ ಕಿಟಕಿಗಳನ್ನೆಲ್ಲ ಇಳಿಸಿ ಕಾರು ನಿಲ್ಲಿಸಿ ಹೊರಗೆ ಬನ್ನಿರಿ. ಬೀಟಲ್‌ನಲ್ಲಿ ಒಳಗೆ ಬರುವ ಬಿಸಿಗಾಳಿ ಸೈಲೆನ್ಸರ್ ಕೊಳವೆಗಳ ಸುತ್ತಲಿನ ಪೆಟ್ಟಿಗೆಗಳಿಂದ ಬರುತ್ತದೆ, ಅವು ತುಕ್ಕು ಹಿಡಿದು ತೂತಾದರೆ ಕಾರ್ಬನ್ ಮೊನಾಕ್ಸೈಡ್ ನೇರವಾಗಿ ಒಳಗೆ ಸೇರುತ್ತದೆ. ಆ ಅನಿಲಕ್ಕೆ ತನ್ನದೇ ವಾಸನೆಯಿಲ್ಲ, ಆದ್ದರಿಂದ ವಾಸನೆ ಕಡಿಮೆಯಾಯಿತೆಂದು ಮುಂದುವರಿಯುವುದು ತಪ್ಪು.

ಲಕ್ಷಣ: ಎಲ್ಲವೂ ಕೆಲಸ ಮಾಡುತ್ತದೆ, ಆದರೆ ನೋಟ ಹೊಂದುವುದಿಲ್ಲ

ಎಡ ಮತ್ತು ಬಲದ ಕಂಡಿಗಳ ಮೇಲೆ ಬೆಣ್ಣೆಕಾಗದ ಇಟ್ಟು ಪೆನ್ಸಿಲ್‌ನಿಂದ ಉಜ್ಜಿ ಅಚ್ಚು ತೆಗೆದು, ಒಂದನ್ನು ಮಗುಚಿ ಇನ್ನೊಂದರ ಮೇಲಿಟ್ಟರೆ ಯಾವ ಬದಿಯನ್ನು ಹಿಂದೆ ರಿಪೇರಿ ಮಾಡಿದ್ದಾರೆಂದು ತಕ್ಷಣ ತಿಳಿಯುತ್ತದೆ. ಬದಲಿಸಿದ ಮುಚ್ಚಳಗಳೂ ಗೊಂದಲಕ್ಕೆ ಕಾರಣ. ಅಮೆರಿಕಕ್ಕೆ ಹೋದ ಬೀಟಲ್‌ಗಳನ್ನೇ ನೋಡಿದರೆ, ವಿಂಡ್‌ಶೀಲ್ಡಿನ ಮುಂದಿನ ಗಾಳಿಕಂಡಿ 1968ರ ಮಾದರಿಯಿಂದ ಬಂತು. ಎಂಜಿನ್ ಮುಚ್ಚಳದಲ್ಲಿ 1970ರ ಮಾದರಿಗೆ ಎರಡು ಗುಂಪು ಸೀಳುಗಳಿದ್ದರೆ 1972ಕ್ಕೆ ನಾಲ್ಕು ಗುಂಪಾಯಿತು. ಅರ್ಧಚಂದ್ರದ ಕಂಡಿಗಳು ಬಂದದ್ದು 1971ರ ಮಾದರಿಯಲ್ಲಿ. ಹಾಗಿರುವಾಗ 1969ರ ಕಾರಿನ ಮೇಲೆ ನಾಲ್ಕು ಗುಂಪಿನ ಮುಚ್ಚಳ ಕಂಡರೆ ಅದು ಎಷ್ಟೇ ಚೆನ್ನಾಗಿದ್ದರೂ ಆ ಕಾರಿನದಲ್ಲ. ಬೇರೆ ದೇಶಗಳಿಗೆ ಕಳುಹಿಸಿದ ಕಾರುಗಳಲ್ಲಿ ವ್ಯತ್ಯಾಸವಿರುವುದರಿಂದ ಚಾಸಿಸ್ ಸಂಖ್ಯೆಯಿಂದ ವರ್ಷ ತಿಳಿದು, ಆ ಮಾರುಕಟ್ಟೆಯ ಬಿಡಿಭಾಗಗಳ ಪಟ್ಟಿಯನ್ನು ತೆರೆದು ನೋಡಿದ ಮೇಲೆಯೇ ದುಡ್ಡು ಬಿಚ್ಚಬೇಕು.

ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯದಂತಹ ಕಡೆ ಹಳೆಯ ಕಾರುಗಳನ್ನು ಹತ್ತಿರದಿಂದ ನೋಡುವುದು ಕಣ್ಣಿಗೆ ಒಳ್ಳೆಯ ಅಭ್ಯಾಸ. ಆದರೆ ಯಾವ ಹಳೆಯ ಕಾರಾದರೂ ನಡುವೆ ಎಂದೋ ರಿಪೇರಿ ಕಂಡಿರಬಹುದು, ಅದೊಂದನ್ನೇ ಪ್ರಮಾಣವಾಗಿ ಹಿಡಿಯಬಾರದು. ನಿಮ್ಮ ಕಾರಿನಲ್ಲೇ ಸಾಕ್ಷಿ ಸಿಗುತ್ತದೆ: ಜಾಲರಿಯ ಹಿಂಬದಿಯಲ್ಲಿ, ರಬ್ಬರಿನ ಕೆಳಗೆ, ಸ್ಕ್ರೂವಿನ ತಲೆಯಡಿಯಲ್ಲಿ ಮೊದಲ ಬಣ್ಣ ಉಳಿದಿರುತ್ತದೆ. ಜಾಲರಿಯ ಒಳಬದಿಗೆ ಕಾರಿನ ಬಣ್ಣವಿತ್ತೋ ಕಪ್ಪು ಬಣ್ಣವಿತ್ತೋ ಎಂಬುದು ಅಲ್ಲಿಯೇ ತಿಳಿಯುತ್ತದೆ. ಬಿಚ್ಚುವ ಮೊದಲು ಫೋಟೊ ತೆಗೆದು, ಬಿಚ್ಚಿದ ಹಳೆಯ ತುಂಡು, ರಬ್ಬರ್, ಸ್ಕ್ರೂಗಳನ್ನು ಯಾವ ಬದಿಯದು ಎಂದು ಬರೆದ ಲಕೋಟೆಗಳಲ್ಲಿ ಇಟ್ಟುಕೊಳ್ಳಿರಿ. ಹೊಸದು ಹೊಂದದಿದ್ದಾಗ ಅಳತೆಗೆ ಅದೇ ಬೇಕಾಗುತ್ತದೆ.

ಜೋಡಣೆ ಮುಗಿದ ದಿನವೇ ಕಾರ್ಪೆಟ್ ಹಾಸಬೇಡಿ. ಮತ್ತೊಮ್ಮೆ ಒಂದು ಲೀಟರ್ ನೀರಿನ ಪರೀಕ್ಷೆ ಮಾಡಿ, ಎರಡು ಒಳ್ಳೆಯ ಮಳೆ ಕಂಡು, ತಗಡಿನ ಮೇಲಿನ ಪತ್ರಿಕೆ ಒಣಗಿಯೇ ಇದ್ದರೆ ಆಮೇಲೆ ಹಾಸಿರಿ.